ಎರಡು ಕೈಗಳ ನಾಡಿ: ತೋಳಿನ ರಕ್ತನಾಳದ ಇಕ್ಕಟ್ಟು ಮತ್ತು ಅದರ ಚಿಕಿತ್ಸೆ

2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಗೆ ಚಾಲನೆ ದೊರೆತದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಕನ್ನಡದ ಕಿವಿಗೆ ಈ ಹೆಸರು ಮಕ್ಕಳ ವೈದ್ಯದಂತೆ ಕೇಳಿಸುತ್ತದೆ. ಆದರೆ ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನ. ಜನರನ್ನು ಹುಡುಕಿಕೊಂಡು ಬರುವ ವೈದ್ಯ ಎಂಬುದು ಹೆಸರಿನ ತಾತ್ಪರ್ಯ. ಈ ಯೋಜನೆಯಲ್ಲಿ ಆರೋಗ್ಯ ಸ್ವಯಂಸೇವಕಿಯರು ಮನೆಬಾಗಿಲಿಗೆ ಬಂದು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ, ಬೇಕಾದವರಿಗೆ ಮಾತ್ರೆ ಕೊಟ್ಟು ಹೋಗುತ್ತಾರೆ. ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿಯ ಸುತ್ತಿನ ಕನ್ನಡ ಮನೆಗಳಿಗೂ ಹೀಗೆ ಬಿ.ಪಿ. ಯಂತ್ರ ಬಂದಿದೆ. ಪೇಟೆಯ ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ.

ಈ ಯಂತ್ರದ ಪಟ್ಟಿಯನ್ನು ಸುತ್ತುವುದು ಒಂದು ತೋಳಿಗೆ. ಜಗಲಿಯ ಮೇಲೆ ಕುಳಿತವರು ಯಾವ ಕೈ ಚಾಚುತ್ತಾರೋ ಆ ಕೈಗೆ ಪಟ್ಟಿ ಬೀಳುತ್ತದೆ. ಬಹುಮಂದಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಎರಡು ಕೈಗಳ ಒತ್ತಡದಲ್ಲಿ ಹೆಚ್ಚೆಂದರೆ ಐದು, ಹತ್ತು ಅಂಕಗಳ ವ್ಯತ್ಯಾಸವಿರುತ್ತದೆ. ಆದರೆ ಕೆಲವರಲ್ಲಿ ಒಂದು ತೋಳಿಗೆ ರಕ್ತ ಒಯ್ಯುವ ನಾಳ ಬುಡದಲ್ಲಿಯೇ ಕಿರಿದಾಗಿರುತ್ತದೆ. ಅಂಥವರ ಬಲಗೈಯಲ್ಲಿ ಮೇಲಿನ ಒತ್ತಡ 170 ಇದ್ದರೆ ಎಡಗೈಯಲ್ಲಿ 125 ಮಾತ್ರ ಕಾಣಬಹುದು. ಅಳೆದದ್ದು ಎಡಗೈಯಾದರೆ ‘ಬಿ.ಪಿ. ಸರಿಯಾಗಿದೆ’ ಎಂದು ಪುಸ್ತಕದಲ್ಲಿ ಬರೆಯಲಾಗುತ್ತದೆ. ಯಂತ್ರ ತಪ್ಪು ಹೇಳಿಲ್ಲ. ಆ ತೋಳಿನೊಳಗಿನ ಒತ್ತಡ ನಿಜವಾಗಿ ಅಷ್ಟೇ ಇದೆ. ಆದರೆ ಮಿದುಳು, ಹೃದಯ, ಮೂತ್ರಪಿಂಡಗಳು ಸಹಿಸುತ್ತಿರುವುದು 170ರ ಒತ್ತಡವನ್ನು. ತೋಳಿನ ನಾಳದ ಇಕ್ಕಟ್ಟು ಕೈಗೆ ಮಾಡುವ ಕೇಡಿಗಿಂತ ಹೀಗೆ ಮುಚ್ಚಿಡುವ ಕೇಡು ದೊಡ್ಡದು.

ರಕ್ತ ತೋಳಿಗೆ ಬರುವ ದಾರಿಯನ್ನು ಮೊದಲು ನೋಡಬೇಕು. ಹೃದಯದಿಂದ ಹೊರಟ ಮಹಾಪಧಮನಿ ಎದೆಯೊಳಗೆ ಕೊಡೆಯ ಹಿಡಿಯಂತೆ ಬಾಗುತ್ತದೆ. ಆ ಬಾಗಿನ ಮೇಲ್ಭಾಗದಲ್ಲಿ ಮೂರು ಕವಲುಗಳಿವೆ. ಮೊದಲನೆಯದು ಸ್ವಲ್ಪ ಮೇಲೇರಿ ಎರಡಾಗಿ ಒಡೆದು, ಒಂದು ಬಲಗೈಗೂ ಇನ್ನೊಂದು ಕೊರಳಿನ ಬಲಬದಿಗೂ ಹೋಗುತ್ತದೆ. ಎರಡನೆಯದು ಕೊರಳಿನ ಎಡಬದಿಯದು. ಮೂರನೆಯದು ನೇರವಾಗಿ ಎಡಗೈಯದು. ಹೆಗಲಿನ ಮುಂದೆ ಅಡ್ಡಲಾಗಿ ಕಾಣುವ ಕೊರಳೆಲುಬಿನ ಅಡಿಯಲ್ಲಿ ಹಾಯುವುದರಿಂದ ತೋಳಿನ ಈ ನಾಳವನ್ನು ವೈದ್ಯರು ಸಬ್‌ಕ್ಲೇವಿಯನ್ ಅಪಧಮನಿ ಎನ್ನುತ್ತಾರೆ. ಕೊರಳೆಲುಬಿನಡಿಯ ನಾಳ ಎಂದೇ ಅದರ ಅರ್ಥ. ಕಂಕುಳನ್ನು ದಾಟಿ, ರಟ್ಟೆಯಲ್ಲಿ ಇಳಿದು, ಮೊಣಕೈ ಬಳಿ ಅದು ಮತ್ತೆ ಕವಲೊಡೆಯುತ್ತದೆ. ಹೆಬ್ಬೆರಳ ಬದಿಯ ಕವಲು ಮಣಿಕಟ್ಟಿನಲ್ಲಿ ಚರ್ಮಕ್ಕೆ ತೀರ ಹತ್ತಿರ ಬರುತ್ತದೆ. ನಾಡಿ ನೋಡುವವರು ಬೆರಳಿಡುವುದು ಅಲ್ಲಿ. ಕನ್ನಡದ ಪಠ್ಯಪುಸ್ತಕಗಳು ಅಪಧಮನಿ, ಅಭಿಧಮನಿ ಎಂದರೆ ತಮಿಳಿನ ಪುಸ್ತಕಗಳು ‘ತಮನಿ’, ‘ಸಿರೈ’ ಎನ್ನುತ್ತವೆ. ಎರಡೂ ಸಂಸ್ಕೃತದಿಂದ ಬಂದ ಮಾತುಗಳಾದ್ದರಿಂದ ಹೊಸೂರಿನ ವಿದ್ಯಾರ್ಥಿಗೆ ಒಂದು ಗೊತ್ತಿದ್ದರೆ ಇನ್ನೊಂದು ಕಷ್ಟವಲ್ಲ.

ಕೊರಳೆಲುಬಿನಡಿಯ ಈ ನಾಳ ತೋಳಿಗೆ ಹೋಗುವ ಮುನ್ನ ಎರಡು ಮುಖ್ಯ ಕವಲುಗಳನ್ನು ಕೊಡುತ್ತದೆ. ಒಂದು ಕತ್ತಿನ ಮೂಳೆಗಳ ಕಂಡಿಗಳ ಮೂಲಕ ಮೇಲೇರಿ ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡುತ್ತದೆ. ಇನ್ನೊಂದು ಎದೆಗೂಡಿನ ಒಳಬದಿಯಲ್ಲಿ ಕೆಳಗಿಳಿಯುತ್ತದೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಹೃದಯಕ್ಕೆ ಜೋಡಿಸಲು ಶಸ್ತ್ರವೈದ್ಯರು ಹೆಚ್ಚಾಗಿ ಆರಿಸುವುದು ಎಡಬದಿಯ ಈ ಕವಲನ್ನೇ. ತೋಳಿನ ನಾಳದ ರೋಗ ತೋಳಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದಕ್ಕೆ ಈ ಎರಡು ಕವಲುಗಳೇ ಕಾರಣ.

ಇಕ್ಕಟ್ಟು ಬಲಗೈಗಿಂತ ಎಡಗೈಯ ನಾಳದಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಅದು ಸಾಮಾನ್ಯವಾಗಿ ಕಾಣುವುದು ನಾಳದ ಬುಡದಲ್ಲಿ, ಮಿದುಳಿಗೆ ಹೋಗುವ ಕವಲು ಹೊರಡುವ ಮುನ್ನ. ಆಗ ಆಗುವುದೇನೆಂಬುದು ಕಾಲುವೆಯ ನೀರು ಕಟ್ಟುವವರಿಗೆ ಸುಲಭವಾಗಿ ತಿಳಿಯುತ್ತದೆ. ಮೇಲಿನ ತೂಬು ಕಟ್ಟಿಕೊಂಡರೆ ಕೆಳಗಿನ ಹೊಲ ಒಣಗಬೇಕು. ಆದರೆ ಪಕ್ಕದ ಕಾಲುವೆಗೆ ಎಲ್ಲಿಯಾದರೂ ಕೂಡುದಾರಿ ಇದ್ದರೆ ನೀರು ಅಲ್ಲಿಂದ ಹಿಮ್ಮುಖವಾಗಿ ಹರಿದು ತಗ್ಗಿನ ಹೊಲವನ್ನು ಸೇರುತ್ತದೆ. ಕತ್ತಿನ ಎಡಬಲಗಳಲ್ಲಿ ಏರುವ ಎರಡು ನಾಳಗಳು ಮಿದುಳಿನ ಬುಡದಲ್ಲಿ ಒಂದಾಗುತ್ತವೆ. ಎಡತೋಳಿನಲ್ಲಿ ಒತ್ತಡ ಕುಸಿದಾಗ ಬಲಬದಿಯಿಂದ ಮೇಲೇರಿದ ರಕ್ತ ಅಲ್ಲಿಂದ ತಿರುಗಿ ಎಡಬದಿಯ ನಾಳದಲ್ಲಿ ಕೆಳಗಿಳಿದು ತೋಳನ್ನು ಸೇರುತ್ತದೆ. ಮಿದುಳಿಗೆ ಹೋಗಬೇಕಾದ ರಕ್ತವನ್ನು ಕೈ ಎಳೆದುಕೊಂಡಂತಾಯಿತು. ಇದನ್ನು 1960ರಲ್ಲಿ ಇಟಲಿಯ ಕಂಟೋರ್ನಿ ಎಂಬ ವೈದ್ಯ ವರ್ಣಿಸಿದ. ಮರುವರ್ಷ ಅಮೆರಿಕದ ಮಿಲ್ಲರ್ ಫಿಷರ್ ಅದಕ್ಕೆ ‘ಸಬ್‌ಕ್ಲೇವಿಯನ್ ಸ್ಟೀಲ್’ ಎಂದು ಹೆಸರಿಟ್ಟ. ಸ್ಟೀಲ್ ಎಂದರೆ ಇಲ್ಲಿ ಉಕ್ಕಲ್ಲ, ಕಳವು. ರಾತ್ರಿ ಬದು ಕಡಿದು ನೀರು ತಿರುಗಿಸಿಕೊಂಡ ಪಕ್ಕದ ಹೊಲದವನ ನೆನಪು ಬಂದರೆ ತಪ್ಪಿಲ್ಲ.

ಈ ಅಡ್ಡದಾರಿ ಇರುವುದರಿಂದಲೇ ಬಹುಪಾಲು ರೋಗಿಗಳಿಗೆ ಕೈಯಲ್ಲಿ ಏನೂ ತಿಳಿಯುವುದಿಲ್ಲ. ತಿಳಿಯುವುದು ಕೈಗೆ ಕೆಲಸ ಬಿದ್ದಾಗ, ಅದರಲ್ಲೂ ಕೈ ಎತ್ತಿ ದುಡಿಯುವಾಗ. ಮಾವಿನ ಕಾಲದಲ್ಲಿ ದೋಟಿ ಹಿಡಿದು ಕಾಯಿ ಕೀಳುವವರು, ಹಿಪ್ಪುನೇರಳೆ ಸೊಪ್ಪು ಕತ್ತರಿಸುವವರು, ಗುಲಾಬಿ ತೋಟದಲ್ಲಿ ಹೂ ಕೊಯ್ಯುವವರು, ಕಾರ್ಖಾನೆಯಲ್ಲಿ ತಲೆಯ ಮಟ್ಟದ ಮೇಲೆ ತಿರುಪು ಬಿಗಿಯುವವರು, ಮನೆಯಲ್ಲಿ ಹಗ್ಗದ ಮೇಲೆ ಬಟ್ಟೆ ಒಣಹಾಕುವವರು, ಇವರಿಗೆ ಒಂದು ಕೈ ಇನ್ನೊಂದಕ್ಕಿಂತ ಬೇಗ ಸೋಲುತ್ತದೆ. ಕೆಲಸ ನಿಲ್ಲಿಸಿ ಕೈ ಇಳಿಬಿಟ್ಟರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಮತ್ತೆ ಅದೇ ಕೆಲಸಕ್ಕೆ ಮತ್ತೆ ಅದೇ ಸೋಲು. ಕೆಲವರಿಗೆ ಹೀಗೆ ದುಡಿಯುವಾಗಲೇ ತಲೆ ತಿರುಗುತ್ತದೆ, ಕಣ್ಣು ಮಂಜಾಗುತ್ತದೆ, ಹೆಜ್ಜೆ ತಡವರಿಸುತ್ತದೆ. ಎಡಬದಿಯ ಎದೆಯ ಕವಲಿನಿಂದ ಬೈಪಾಸ್ ಆದವರಿಗೆ ಎಡಗೈ ಬಳಸಿದಾಗ ಎದೆ ನೋಯಬಹುದು. ದುಡಿಮೆ ರೋಗಕ್ಕೆ ಕಾರಣವಲ್ಲ. ಅಡಗಿದ್ದ ರೋಗವನ್ನು ಹೊರಗೆಳೆಯುತ್ತದೆ, ಅಷ್ಟೆ.

ಇಲ್ಲಿ ಭಾಷೆಯ ಪ್ರಶ್ನೆಯೊಂದಿದೆ, ಮತ್ತು ಅದು ಗಡಿಯ ಜನರಿಗೆ ಸಣ್ಣದಲ್ಲ. ಕನ್ನಡದಲ್ಲಿ ‘ಜೋಮು ಹಿಡಿಯಿತು’ ಎನ್ನುವುದು ಬೇರೆ, ‘ಕೈ ಸೋತಿತು’ ಎನ್ನುವುದು ಬೇರೆ, ‘ಕೈ ತಣ್ಣಗಾಯಿತು’ ಎನ್ನುವುದು ಬೇರೆ. ಜೋಮಿಗೆ ತೆಲುಗಿನವರು ತಿಮ್ಮಿರಿ ಎನ್ನುತ್ತಾರೆ, ತಮಿಳರು ಕೈ ‘ಮರತ್ತುಪ್ಪೋಚ್ಚು’ ಎನ್ನುತ್ತಾರೆ. ಕನ್ನಡದ ‘ಮರಗಟ್ಟು’ ಅದರ ಹತ್ತಿರದ ಮಾತು. ರಾತ್ರಿ ಮಲಗಿದಾಗ ಬೆರಳುಗಳಿಗೆ ಬರುವ ಜೋಮು ಹೆಚ್ಚಾಗಿ ನರದ ತೊಂದರೆ. ದುಡಿದಾಗ ಬಂದು ದಣಿವಾರಿಸಿಕೊಂಡರೆ ಹೋಗುವ ಸೋಲು ರಕ್ತನಾಳದ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಈ ಎಲ್ಲ ಮಾತುಗಳೂ ಕನ್ನಡದ ಬಾಯಿಂದ ತಮಿಳಿನ ಕಿವಿಗೆ ಹೋಗುವಾಗ ‘ಕೈ ವಲಿ’ ಎಂಬ ಒಂದೇ ಮಾತಾಗಿಬಿಡುವ ಅಪಾಯವಿದೆ. ಕೈ ನೋವು ಎಂದರೆ ಮುಲಾಮು, ನೋವಿನ ಮಾತ್ರೆ. ಯಾವ ಕೆಲಸ ಮಾಡುವಾಗ, ಎಷ್ಟು ಹೊತ್ತಿಗೆ, ಯಾವ ಕೈ, ನಿಲ್ಲಿಸಿದರೆ ಹೋಗುತ್ತದೆಯೆ ಎಂಬ ನಾಲ್ಕು ವಿವರಗಳನ್ನು ಯಾವ ಭಾಷೆಯಲ್ಲಾದರೂ ಹೇಳಿದರೆ ವೈದ್ಯರು ಎರಡೂ ಕೈಗಳ ನಾಡಿ ನೋಡದೆ ಬಿಡುವುದಿಲ್ಲ. ಅಜ್ಜಿಯ ಜೊತೆಗೆ ಆಸ್ಪತ್ರೆಗೆ ಹೋಗುವ ಕಾಲೇಜಿನ ಮೊಮ್ಮಗಳು ಮಾಡಬಹುದಾದ ಬಹು ದೊಡ್ಡ ಅನುವಾದ ಇದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಇದ್ದಕ್ಕಿದ್ದಂತೆ ಕೈ ಬೆಳ್ಳಗಾಗಿ, ತಣ್ಣಗಾಗಿ, ತಡೆಯಲಾರದಷ್ಟು ನೋಯತೊಡಗಿದರೆ ಅದು ನಿಧಾನವಾಗಿ ಬೆಳೆದ ಇಕ್ಕಟ್ಟಲ್ಲ. ಹೆಪ್ಪುಗಟ್ಟಿದ ರಕ್ತ ಬಂದು ನಾಳವನ್ನು ಮುಚ್ಚಿದೆ. ಹೃದಯದ ಕವಾಟದ ರೋಗ ಇರುವವರಲ್ಲಿ, ಹೃದಯದ ಬಡಿತ ತಾಳ ತಪ್ಪಿದವರಲ್ಲಿ ಹೀಗಾಗುವುದುಂಟು. ಆಗ ಉಳಿದಿರುವುದು ಸುಮಾರು ಆರು ಗಂಟೆಗಳ ಅವಕಾಶ. ಎಣ್ಣೆ ತಿಕ್ಕುತ್ತ, ಬಿಸಿ ಶಾಖ ಕೊಡುತ್ತ ಕೂರುವ ಹೊತ್ತಲ್ಲ ಅದು.

ನಾಳ ಕಿರಿದಾಗಲು ಕಾರಣಗಳಲ್ಲಿ ಮೊದಲನೆಯದು ಎಲ್ಲರೂ ಕೇಳಿರುವುದೇ: ನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿ ಗಟ್ಟಿಯಾಗುವುದು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್ ಇದರ ಪೋಷಕರು. ಹೃದಯದ ನಾಳದಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. ಹಾಗಾಗಿ ತೋಳಿನ ನಾಳದಲ್ಲಿ ಇಕ್ಕಟ್ಟು ಕಂಡವರ ಹೃದಯ, ಕೊರಳು, ಕಾಲುಗಳ ನಾಳಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಎರಡನೆಯ ಕಾರಣ ಅಷ್ಟು ಪರಿಚಿತವಲ್ಲ, ಆದರೆ ಭಾರತದಂತಹ ದೇಶಗಳಲ್ಲಿ ಅದನ್ನು ಮರೆಯುವಂತಿಲ್ಲ. 1908ರಲ್ಲಿ ಜಪಾನಿನ ನೇತ್ರವೈದ್ಯ ಮಿಕಿಟೊ ತಕಯಾಸು 21 ವರ್ಷದ ಯುವತಿಯೊಬ್ಬಳ ಕಣ್ಣಿನೊಳಗೆ ರಕ್ತನಾಳಗಳು ಹಾರದಂತೆ ಸುತ್ತಿಕೊಂಡಿರುವುದನ್ನು ಕಂಡು ವರದಿ ಮಾಡಿದ. ಅಂತಹುದೇ ಕಣ್ಣುಗಳುಳ್ಳ ಬೇರೆ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲ ಎಂದು ಅವನ ಸಹೋದ್ಯೋಗಿಗಳು ಗಮನಿಸಿದರು. ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆ ಊದಿಕೊಂಡು ದಪ್ಪವಾಗಿ, ಕ್ರಮೇಣ ಒಳದಾರಿ ಮುಚ್ಚುವ ಈ ರೋಗಕ್ಕೆ ತಕಯಾಸು ಆರ್ಟರೈಟಿಸ್ ಎಂದೂ ‘ನಾಡಿಯಿಲ್ಲದ ರೋಗ’ ಎಂದೂ ಹೆಸರು ಬಂತು. ಇದು ಹೆಚ್ಚಾಗಿ ಬರುವುದು ನಲವತ್ತು ದಾಟದ ಹೆಣ್ಣುಮಕ್ಕಳಿಗೆ. ಜ್ವರ, ಆಯಾಸ, ತೂಕ ಇಳಿಯುವುದು ಎಂದು ಆರಂಭವಾಗುವುದರಿಂದ ರಕ್ತಹೀನತೆ ಎಂದೋ ದಣಿವು ಎಂದೋ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಈ ರೋಗವನ್ನು ಗುರುತಿಸಲು 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಮಾಡಿದ ಪಟ್ಟಿಯ ಆರು ಲಕ್ಷಣಗಳಲ್ಲಿ ಒಂದು, ಎರಡು ಕೈಗಳ ಮೇಲಿನ ಒತ್ತಡದಲ್ಲಿ 10ಕ್ಕಿಂತ ಹೆಚ್ಚಿನ ವ್ಯತ್ಯಾಸ. ರೋಗ ಎಷ್ಟು ಚುರುಕಾಗಿದೆ ಎಂಬುದನ್ನು ಅಳೆಯಲು ಭಾರತೀಯ ವೈದ್ಯರೇ ಒಂದು ಅಂಕಪಟ್ಟಿಯನ್ನು ರೂಪಿಸಿ 2013ರಲ್ಲಿ ಪ್ರಕಟಿಸಿದರು. ಅದರ ಹಿಂದೆ ಲಖನೌ ಮೊದಲಾದ ಕಡೆಯವರ ಜೊತೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರ ದುಡಿಮೆಯೂ ಇದೆ. ಕೃಷ್ಣಗಿರಿಯಿಂದ ಚೆನ್ನೈ ದಾರಿಯಲ್ಲಿ ಸಿಗುವ ಊರು ವೆಲ್ಲೂರು.

ಹಳೆಯ ನಾಡಿವೈದ್ಯದಲ್ಲಿ ಗಂಡಸಿಗೆ ಬಲಗೈ, ಹೆಂಗಸಿಗೆ ಎಡಗೈ ನೋಡುವ ರೂಢಿಯಿತ್ತು. ಹೆಂಗಸರನ್ನು ಹೆಚ್ಚಾಗಿ ಹಿಡಿಯುವ, ಎಡಗೈಯಲ್ಲಿ ಹೆಚ್ಚಾಗಿ ಕಾಣುವ ರೋಗವೊಂದರ ಮಟ್ಟಿಗೆ ಆ ರೂಢಿ ಕೆಲವೊಮ್ಮೆ ಉಪಯೋಗಕ್ಕೆ ಬಂದಿರಬಹುದು. ಒಂದೇ ಕೈ ನೋಡಿದರೆ ಸಾಕೆಂಬ ನಂಬಿಕೆಯಾಗಿ ಅದನ್ನು ಇಂದು ಉಳಿಸಿಕೊಳ್ಳಬೇಕಾಗಿಲ್ಲ.

ಮೂರನೆಯ ಕಾರಣ ಹೊರಗಿನ ಒತ್ತು. ಕೆಲವರಿಗೆ ಹುಟ್ಟಿನಿಂದಲೇ ಕೊರಳಿನ ಬುಡದಲ್ಲಿ ಒಂದು ಹೆಚ್ಚಿನ ಪಕ್ಕೆಲುಬು ಇರುತ್ತದೆ. ಕೈ ಎತ್ತಿದಾಗ ಅದು ನಾಳವನ್ನು ಅದುಮುತ್ತದೆ. ಇವರಿಗೆ ಬೇಕಾದದ್ದು ಆ ಮೂಳೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಒಳಗೆ ಲೋಹದ ಬಲೆ ಕೂರಿಸಿದರೆ ಎರಡು ಮೂಳೆಗಳ ನಡುವೆ ಸಿಕ್ಕಿ ಅದೇ ಜಜ್ಜಿಹೋಗುತ್ತದೆ.

ಹಿಂದೆ ತೋಳಿನ ನಾಳವನ್ನು ಸರಿಪಡಿಸಬೇಕೆಂದರೆ ಎದೆಯನ್ನೋ ಕೊರಳನ್ನೋ ತೆರೆಯಬೇಕಿತ್ತು. ಕೊರಳಿನ ನಾಳದಿಂದ ತೋಳಿನ ನಾಳಕ್ಕೆ ಕೊಳವೆ ಜೋಡಿಸುವ ಶಸ್ತ್ರಚಿಕಿತ್ಸೆ ಇಂದಿಗೂ ಇದೆ, ಒಳ್ಳೆಯ ಫಲವನ್ನೂ ಕೊಡುತ್ತದೆ. ಆದರೆ ಚರ್ಮದಲ್ಲಿ ಒಂದು ರಂಧ್ರ ಮಾಡಿ ನಾಳದ ಒಳಗಿನಿಂದಲೇ ದಾರಿ ಬಿಡಿಸುವ ವಿಧಾನ ಬಂದ ಮೇಲೆ ಅದು ಎರಡನೆಯ ಆಯ್ಕೆಯಾಯಿತು. ಈ ವಿಧಾನದ ಚರಿತ್ರೆ ಆರಂಭವಾಗುವುದೂ ತೋಳಿನಿಂದಲೇ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ತರುಣ ವೈದ್ಯ ವೆರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ಅಭಿಧಮನಿಯ ಮೂಲಕ ಹೃದಯದವರೆಗೆ ನಳಿಕೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡ. ಮೇಲಧಿಕಾರಿಗಳ ಮಾತು ಮೀರಿ ಮಾಡಿದ ಈ ಸಾಹಸಕ್ಕೆ 1956ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿ ಚುಚ್ಚಿ, ಅದರೊಳಗಿಂದ ತಂತಿ ಇಳಿಸಿ, ಸೂಜಿ ತೆಗೆದು, ತಂತಿಯ ಮೇಲೆ ನಳಿಕೆ ಜಾರಿಸುವ ಸರಳ ಉಪಾಯವನ್ನು ಕಂಡುಹಿಡಿದ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್, ಬೆರಳು ಕೊಳೆಯುತ್ತಿದ್ದರೂ ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ಕಾಲಿನ ನಾಳವನ್ನು ಒಂದಕ್ಕಿಂತ ಒಂದು ದಪ್ಪನೆಯ ನಳಿಕೆ ತೂರಿಸಿ ಅಗಲ ಮಾಡಿದ. ಕಾಲು ಉಳಿಯಿತು. ಬಲೂನನ್ನು ಬಳಕೆಗೆ ತಂದವನು ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್. ಮೊದಲ ಬಲೂನುಗಳನ್ನು ಅವನು ಮಾಡಿದ್ದು ಮನೆಯ ಅಡುಗೆಮನೆಯ ಮೇಜಿನ ಮೇಲೆ. 1974ರಲ್ಲಿ ಕಾಲಿನ ನಾಳದಲ್ಲಿ, 1977ರ ಸೆಪ್ಟೆಂಬರ್ 16ರಂದು ಹೃದಯದ ನಾಳದಲ್ಲಿ ಅವನ ಬಲೂನು ಅರಳಿತು. 1980ರ ಹೊತ್ತಿಗೆ ತೋಳಿನ ನಾಳವನ್ನು ಹೀಗೆ ಬಿಡಿಸಿದ ವರದಿಗಳು ಬಂದವು.

ಬಲೂನು ತೆಗೆದ ಮೇಲೆ ನಾಳ ಮತ್ತೆ ಮುದುಡದಂತೆ ಒಳಗೆ ಬಿಡುವ ಲೋಹದ ಬಲೆಯೇ ಸ್ಟೆಂಟ್. ಈ ಮಾತಿನ ಮೂಲ ತಮಾಷೆಯದು. 19ನೆಯ ಶತಮಾನದ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಟೆಂಟ್ ಎಂಬ ದಂತವೈದ್ಯನಿದ್ದ. ಹಲ್ಲಿನ ಅಚ್ಚು ತೆಗೆಯುವ ಮೇಣದಂತಹ ಒಂದು ವಸ್ತುವನ್ನು ಸುಧಾರಿಸಿದ. ಅವನ ಹೆಸರು ಆ ವಸ್ತುವಿಗೆ, ಅಲ್ಲಿಂದ ಅಂಗಗಳನ್ನು ಆಧರಿಸಿ ಹಿಡಿಯುವ ಸಾಧನಗಳಿಗೆ, ಕೊನೆಗೆ ರಕ್ತನಾಳದ ಬಲೆಗೆ ಅಂಟಿಕೊಂಡಿತು. ಅಂಕಿತನಾಮ ರೂಢನಾಮವಾಗುವುದಕ್ಕೆ ವ್ಯಾಕರಣದ ತರಗತಿಯಲ್ಲಿ ಕೊಡಬಹುದಾದ ಉದಾಹರಣೆ. ಕನ್ನಡದಲ್ಲಿ ಇದಕ್ಕೆ ಹೊಸ ಮಾತು ಕಟ್ಟುವ ಅಗತ್ಯವೂ ಕಾಣುವುದಿಲ್ಲ. ‘ಬಲೂನ್ ಮಾಡಿದರು, ಸ್ಟೆಂಟ್ ಹಾಕಿದರು’ ಎಂದು ಸಂತೆಯಲ್ಲಿ ಮಾತನಾಡುವ ಮಟ್ಟಿಗೆ ಅದು ನೆಲೆಯೂರಿದೆ.

ಚಿಕಿತ್ಸೆಗೆ ಮುನ್ನ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಕತ್ತಿನ ನಾಳದಲ್ಲಿ ರಕ್ತ ಮೇಲೇರುವ ಬದಲು ಕೆಳಗಿಳಿಯುತ್ತಿದ್ದರೆ ಅದರಲ್ಲಿಯೇ ತಿಳಿಯುತ್ತದೆ. ಇಕ್ಕಟ್ಟಿನ ಜಾಗ, ಉದ್ದ, ಕವಲುಗಳಿಂದ ಅದರ ದೂರ ಇವನ್ನು ಸಿ.ಟಿ. ಆಂಜಿಯೋಗ್ರಾಮ್ ತೋರಿಸುತ್ತದೆ. ಅದರಲ್ಲಿ ಬಳಸುವ ಬಣ್ಣದ ದ್ರವ ಮೂತ್ರಪಿಂಡಕ್ಕೆ ಭಾರವಾಗಬಹುದಾದ್ದರಿಂದ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮೊದಲು ಆಗಬೇಕು. ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಹಿಂದೆ ಯಾವುದಾದರೂ ಔಷಧಿ ಒಗ್ಗದಿದ್ದರೆ ಅದನ್ನೂ ಹೇಳಬೇಕು.

ಚಿಕಿತ್ಸೆ ನಡೆಯುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಲ್ಲ, ಕ್ಯಾಥ್ ಲ್ಯಾಬ್‌ನಲ್ಲಿ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ತೊಡೆಸಂದಿಯಲ್ಲೋ ಮಣಿಕಟ್ಟಿನಲ್ಲೋ ಮೊಣಕೈ ಬಳಿಯೋ ಚರ್ಮಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಎರಡು ಮಿಲಿಮೀಟರಿಗೆ ಆಸುಪಾಸಿನ ಒಂದು ನಳಿಕೆಯನ್ನು ನಾಳದೊಳಗೆ ಇಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಪರದೆಯ ಮೇಲೆ ಎಕ್ಸ್‌ರೇ ನೋಡುತ್ತ ತೆಳುವಾದ ತಂತಿಯನ್ನು ಇಕ್ಕಟ್ಟಿನ ಆಚೆಗೆ ದಾಟಿಸುವುದೇ ಕೆಲಸದ ಕಷ್ಟದ ಭಾಗ; ದಾಟಿತೆಂದರೆ ಉಳಿದದ್ದು ಬಹುಮಟ್ಟಿಗೆ ಸಲೀಸು. ನಾಳ ಪೂರ್ತಿ ಮುಚ್ಚಿದ್ದರೆ ಕೆಲವೊಮ್ಮೆ ತೊಡೆಯಿಂದ ಒಂದು ತಂತಿ, ಕೈಯಿಂದ ಒಂದು ತಂತಿ, ಸುರಂಗ ತೋಡುವವರಂತೆ ಎರಡು ಕಡೆಯಿಂದ ಹೋಗಬೇಕಾಗುತ್ತದೆ. ತಂತಿಯ ಮೇಲೆ ಜಾರಿಸಿದ ಬಲೂನನ್ನು ನಾಳದ ಅಳತೆಗೆ ತಕ್ಕಂತೆ, ಹೆಚ್ಚಾಗಿ ಆರರಿಂದ ಎಂಟು ಮಿಲಿಮೀಟರ್ ಅಗಲಕ್ಕೆ ಉಬ್ಬಿಸುತ್ತಾರೆ. ಆ ಹೊತ್ತಿಗೆ ಹೆಗಲಿನ ಬಳಿ ಒಂದು ಎಳೆತ, ನೋವು ಬರುವುದುಂಟು. ಬಂದರೆ ಬಾಯಿಬಿಟ್ಟು ಹೇಳಬೇಕು, ಎಷ್ಟು ಉಬ್ಬಿಸಬಹುದೆಂಬುದಕ್ಕೆ ವೈದ್ಯರಿಗೆ ಅದೂ ಒಂದು ಸೂಚನೆ. ಬಳಿಕ ಸ್ಟೆಂಟ್ ಕೂರಿಸುತ್ತಾರೆ. ಮಿದುಳಿಗೂ ಎದೆಗೂ ಹೋಗುವ ಕವಲುಗಳ ಬಾಯಿ ಮುಚ್ಚದಂತೆ ಅದನ್ನು ನಿಲ್ಲಿಸುವುದರಲ್ಲಿ ವೈದ್ಯರ ಕೈಚಳಕವಿದೆ. ತೊಡಕಿಲ್ಲದಿದ್ದರೆ ಒಂದು ಗಂಟೆಯ ಕೆಲಸ. ಒಂದೆರಡು ದಿನಗಳಲ್ಲಿ ಮನೆ.

ನಾಳ ಬಿಡಿಸುವಾಗ ಒಡೆದ ಕೊಬ್ಬಿನ ಚೂರು ಮಿದುಳಿಗೆ ಹೋಗುವುದಿಲ್ಲವೆ ಎಂಬ ಸಂಶಯ ಸಹಜ. ಇಲ್ಲಿ ದೇಹದ ವ್ಯವಸ್ಥೆಯೇ ನೆರವಾಗುತ್ತದೆ. ಕತ್ತಿನ ನಾಳದಲ್ಲಿ ಹಿಮ್ಮುಖವಾಗಿದ್ದ ಹರಿವು ಬಲೂನು ಉಬ್ಬಿದ ಕ್ಷಣವೇ ನೇರವಾಗುವುದಿಲ್ಲ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಕೆಳಮುಖವಾಗಿಯೇ ಇರುತ್ತದೆ. ಚೂರು ಒಡೆದರೂ ಅದು ತೋಳಿನ ಕಡೆಗೆ ಹೋಗುವ ಸಂಭವವೇ ಹೆಚ್ಚು. ‘ಕಳವು’ ಎಂದು ಹೆಸರಿಟ್ಟದ್ದು ಆ ಒಂದು ಗಳಿಗೆ ಕಾವಲಾಗುತ್ತದೆ. ಹಾಗೆಂದು ಅಪಾಯ ಸೊನ್ನೆಯಲ್ಲ: ಪಾರ್ಶ್ವವಾಯು ವಿರಳವಾಗಿಯಾದರೂ ಸಂಭವಿಸುತ್ತದೆ, ಚುಚ್ಚಿದ ಜಾಗದಲ್ಲಿ ರಕ್ತ ಗಡ್ಡೆಕಟ್ಟಬಹುದು. ಪೂರ್ತಿ ಮುಚ್ಚದ ನಾಳಗಳಲ್ಲಿ 100ರಲ್ಲಿ 90ಕ್ಕೂ ಹೆಚ್ಚು ಬಾರಿ ದಾರಿ ಬಿಡುತ್ತದೆ. ಪೂರ್ತಿ ಮುಚ್ಚಿದವುಗಳಲ್ಲಿ ಅದಕ್ಕಿಂತ ಕಡಿಮೆ. ಬಿಡಿಸಿದ ನಾಳ ಮುಂದೆ ಮತ್ತೆ ಕಿರಿದಾಗುವುದೂ ಉಂಟು. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಹೇಳಿದಷ್ಟು ಕಾಲ ತಪ್ಪದೆ ನುಂಗಬೇಕು, ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ಬಿಡಬೇಕು.

ತಕಯಾಸು ರೋಗದವರ ಲೆಕ್ಕ ಬೇರೆ. ಗೋಡೆ ಊದಿಕೊಂಡು ಕೆರಳಿರುವಾಗ ಬಲೂನು ಉಬ್ಬಿಸಿದರೆ ಬಿಡಿಸಿದ್ದು ಬೇಗ ಮುಚ್ಚಿಕೊಳ್ಳುತ್ತದೆ. ಮೊದಲು ಸ್ಟೀರಾಯ್ಡ್ ಮೊದಲಾದ ಔಷಧಿಗಳಿಂದ ಉರಿಯೂತ ಇಳಿಯಬೇಕು, ರಕ್ತಪರೀಕ್ಷೆಗಳು ಅದನ್ನು ಖಚಿತಪಡಿಸಬೇಕು, ಆಮೇಲೆ ಬಲೂನಿನ ಮಾತು. ದೆಹಲಿಯ ಗೋವಿಂದ ವಲ್ಲಭ ಪಂತ್ ಆಸ್ಪತ್ರೆಯ ವೈದ್ಯರು 1998ರಲ್ಲಿ ಈ ಎರಡು ಬಗೆಯ ರೋಗಿಗಳ ತೋಳಿನ ನಾಳದ ಚಿಕಿತ್ಸೆಯನ್ನು ಹೋಲಿಸಿ ಬರೆದರು. ಕೊಬ್ಬಿನಿಂದ ಕಿರಿದಾದ ನಾಳಗಳಿಗಿಂತ ತಕಯಾಸು ರೋಗದ ನಾಳಗಳು ಗಡುಸು, ಬಲೂನಿಗೆ ಹೆಚ್ಚಿನ ಒತ್ತಡ ಬೇಕು, ಮತ್ತೆ ಕಿರಿದಾಗುವುದೂ ಹೆಚ್ಚು ಎಂಬುದು ಅವರು ಕಂಡದ್ದು. ಆದರೂ ಎರಡೂ ಗುಂಪಿನವರಿಗೆ ಗುಣ ಕಂಡಿತ್ತು.

ಹಾಗಾದರೆ ಇಕ್ಕಟ್ಟು ಕಂಡವರೆಲ್ಲ ಸ್ಟೆಂಟ್ ಹಾಕಿಸಿಕೊಳ್ಳಬೇಕೆ? ಬೇಕಿಲ್ಲ. ಕೈಗೆ ತೊಂದರೆಯಿಲ್ಲದ, ತಲೆಸುತ್ತಿಲ್ಲದ ವ್ಯಕ್ತಿಯ ನಾಳವನ್ನು ಚಿತ್ರದಲ್ಲಿ ಕಿರಿದಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಬಿಡಿಸುವುದು ಜಾಣತನವಲ್ಲ. ಅವರಿಗೆ ಮಾತ್ರೆ, ಪಥ್ಯ, ತಂಬಾಕು ಬಿಡುವುದು ಸಾಕು. ದುಡಿಮೆ ಕೆಟ್ಟವರು, ಕೈ ಬಳಸಿದಾಗ ತಲೆ ತಿರುಗುವವರು, ಬೈಪಾಸ್ ಆಗಿ ಎದೆನೋವು ಮರುಕಳಿಸಿದವರು, ಬೈಪಾಸ್ ಆಗಬೇಕಾದವರು, ಇವರಿಗೆ ಚಿಕಿತ್ಸೆ ಸಲ್ಲುತ್ತದೆ. ಹೊಸೂರಿನವರು ಇಂತಹ ಚಿಕಿತ್ಸೆಗೆ ಅತ್ತಿಬೆಲೆ ದಾಟಿ ಬೆಂಗಳೂರಿಗೂ ಕೃಷ್ಣಗಿರಿಯ ಕಡೆಯವರು ವೆಲ್ಲೂರು, ಸೇಲಂಗಳಿಗೂ ಹೋಗುವುದು ವಾಡಿಕೆ. ರಾಜ್ಯದ ಗಡಿ ದಾಟಿದಾಗ ತಮಿಳುನಾಡಿನ ಮುಖ್ಯಮಂತ್ರಿ ಆರೋಗ್ಯ ವಿಮೆಯ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೆ ಎಂದು ಹೊರಡುವ ಮುನ್ನವೇ ವಿಚಾರಿಸಬೇಕು. ಸ್ಟೆಂಟ್‌ಗೆ ಸರ್ಕಾರ ಬೆಲೆ ಕಟ್ಟಿದೆ ಎಂದು ಕೇಳಿದವರು ಇನ್ನೊಂದನ್ನು ಗಮನಿಸಬೇಕು: 2017ರ ಫೆಬ್ರವರಿಯ ಆ ಆದೇಶ ಹೃದಯದ ಸ್ಟೆಂಟ್‌ಗಳ ಕುರಿತಾದುದು. ತೋಳಿನ ನಾಳದ ಸ್ಟೆಂಟ್ ಬೇರೆ ಸಾಮಾನು. ಅದರ ಬೆಲೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲಕ್ಕೂ ಮೊದಲ ಹೆಜ್ಜೆಗೆ ಖರ್ಚಿಲ್ಲ. ಐದು ನಿಮಿಷ ಸುಮ್ಮನೆ ಕುಳಿತು, ಬಟ್ಟೆಯ ಮೇಲಲ್ಲದೆ ಬರಿಯ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದು ಕೈ ಆದ ಮೇಲೆ ಇನ್ನೊಂದು ಕೈ ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಕೂಡದು. ಮೇಲಿನ ಅಂಕದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ರಕ್ತನಾಳದ ರೋಗವಿರಬಹುದೆಂದು 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಲೇಖನ ತೋರಿಸಿದೆ. ಮುಂದೆ ಚಿಕಿತ್ಸೆಗೆ ಲೆಕ್ಕ ಹಿಡಿಯಬೇಕಾದದ್ದು ಹೆಚ್ಚು ತೋರಿಸಿದ ಕೈಯನ್ನು. ಪುಸ್ತಕದಲ್ಲಿ ಅಂಕದ ಪಕ್ಕದಲ್ಲಿ ‘ಬಲ’ ಅಥವಾ ‘ಎಡ’ ಎಂದು ಬರೆದಿಡುವಂತೆ ಸ್ವಯಂಸೇವಕಿಯನ್ನು ಕೇಳಿಕೊಂಡರೆ ಮುಂದಿನ ತಿಂಗಳು ಬರುವವರಿಗೂ ತಿಳಿಯುತ್ತದೆ.

ಗರ್ಭಿಣಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬಸಿರಿನಲ್ಲಿ ಏರಿದ ಒತ್ತಡ ತಾಯಿಗೂ ಮಗುವಿಗೂ ಅಪಾಯ; ಅದನ್ನು ಹಿಡಿಯುವ ಸಾಧನ ಇದೇ ತೋಳಿನ ಪಟ್ಟಿ. ತಕಯಾಸು ರೋಗ ಬರುವುದೂ ಅದೇ ವಯಸ್ಸಿನಲ್ಲಿ. ಎರಡೂ ತೋಳಿನ ನಾಳಗಳು ಕಿರಿದಾಗಿದ್ದರೆ ಯಾವ ಕೈಯೂ ನಿಜವಾದ ಒತ್ತಡವನ್ನು ತೋರಿಸದು. ಹರೆಯದ ಹೆಣ್ಣುಮಗಳ ಮಣಿಕಟ್ಟಿನಲ್ಲಿ ನಾಡಿ ಸಿಗದೆ, ಯಂತ್ರ ಪದೇ ಪದೇ ‘ಎರರ್’ ಎಂದರೆ ಯಂತ್ರ ಕೆಟ್ಟಿದೆ ಎಂದು ಎತ್ತಿಡಬಾರದು; ಅವಳನ್ನು ಆಸ್ಪತ್ರೆಗೆ ಕರೆದೊಯ್ದು ತೊಡೆಗೆ ದೊಡ್ಡ ಪಟ್ಟಿ ಸುತ್ತಿ ಕಾಲಿನ ಒತ್ತಡವನ್ನು ಅಳೆಸಬೇಕು.